ಮನ್ಮಥಪ್ಪನ ಎತ್ತಿಗೆ ನಿದ್ದೆಯಿಲ್ಲ

ವಲಾಂಡಿಯ ಮನ್ಮಥಪ್ಪನಿಗೆ ಯಾವ ಕಾಯಿಲೆಯೂ ಇಲ್ಲ; ಇರುವುದೆಲ್ಲ ಅವನ ಎತ್ತಿಗೆ. ಅದಕ್ಕೇ ತಿಂಗಳಿಗೊಮ್ಮೆ ಹಣೆ ತುಂಬ ವಿಭೂತಿ ಬಳಿದು, ಇಸ್ತ್ರಿ ಮಾಡಿದ ಟೋಪಿಯಿಟ್ಟು, ಬಸ್ಸು ಹತ್ತಿ ಉದಗೀರಕ್ಕೆ ಬಂದು ಮನಸ್ಸಿನ ಡಾಕ್ಟರ್ ಸಾರಿಕಾಬಾಯಿಯವರ ಎದುರು ಕೂರುತ್ತಾನೆ. "ನನಗೇನ್ ಆಗ್ಯದರೀ, ಗುಂಡಕಲ್ಲಿನಂಗ ಇದ್ದೀನಿ. ಎತ್ತಿಗಿ ನಿದ್ದಿ ಇಲ್ಲ." ಸಾಲಿನಲ್ಲಿ ಕೂತವರು ದನದ ದವಾಖಾನೆಯ ದಾರಿ ತೋರಿಸಿದರೆ, "ಅಲ್ಲಿಯಂವಾ ಗೊರಸು ನೋಡ್ತಾನ, ಮನಸ್ಸು ನೋಡ್ತಾನೇನು?" ಎಂದು ಗದರುತ್ತಾನೆ. ಆ ಎತ್ತಿನ ಕಾಯಿಲೆಯೋ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಲೇ ಇದೆ. ಅದಕ್ಕೆ ಈಚೆಗೆ ಚಹಾ ಸಪ್ಪೆ ಎನಿಸುತ್ತದೆ, ಸೊಸೆ ಟಿವಿ ಹಚ್ಚಿದರೆ ಸಿಟ್ಟು ಬರುತ್ತದೆ, ಬೀಗರು ಮದುವೆಗೆ ಕರೆದರೆ ಮಂಡಿನೋವಿನ ನೆಪ ಹೇಳುತ್ತದೆ. ಸಾರಿಕಾಬಾಯಿ ಎಲ್ಲವನ್ನೂ ನಗದೆ ಬರೆದುಕೊಳ್ಳುತ್ತಾರೆ. "ಎತ್ತಿಗಿ ಗುಳಿಗಿ ಎಷ್ಟು ಕೊಡ್ಲಿರೀ?" ಎಂದು ಅವನು ಕೇಳಿದರೆ, "ಮನುಷ್ಯಾರಿಗಿ ಎಷ್ಟೋ ಅಷ್ಟೇ, ಕಾಕಾ" ಎನ್ನುತ್ತಾರೆ. ಈ ಸಲ ಮಾತ್ರ ಪೆನ್ನು ಕೆಳಗಿಟ್ಟು, "ಎತ್ತು ಅಳ್ತದೇನ್ರೀ?" ಎಂದು ಕೇಳಿದರು. ಮನ್ಮಥಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಮಂದಿ ಮುಂದ ಅಳಲ್ರೀ. ನಮ್ಮಾಕಿ ತೀರಿ ವರ್ಷಾಯ್ತು, ಆಕಿ ಸೀರಿ ಇನ್ನೂ ಹಗ್ಗದ ಮ್ಯಾಲೇ ಅದ. ತೆಗೆದು ಮಡಚಿ ಇಡಬೇಕಂದ್ರ ಎತ್ತಿನ ಕೈ ಏಳಂಗಿಲ್ರೀ."