ಒಂದು ಚೀಲ ನಿಂಬೆಗೆ ಐವತ್ತೆರಡು ನಿಮಿಷ

ಗೆಳತಿಯರೇ, ಇವತ್ತು ನಾನೂ ಸಂಶೋಧನೆ ಮಾಡಿ ಬಂದೆ! ನಮ್ಮವರು ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಮತ್ತು ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾರಲ್ಲ, ನಮ್ಮ ಇಂಡಿ ಊರಿನ ನಿಂಬೆ ಮಾರುಕಟ್ಟೆಯ ಹೆಂಗಸರು ಒಂದು ಚೀಲ ನಿಂಬೆಹಣ್ಣನ್ನು ಎಷ್ಟು ಹೊತ್ತಿನಲ್ಲಿ ಆರಿಸುತ್ತಾರೆ ಎಂಬುದೇ ಅವರ ವಿಷಯ. ಇವತ್ತು ಅವರಿಗೆ ಜ್ವರ. ಹಾಗಾಗಿ ಸ್ಟಾಪ್‌ವಾಚ್ ನನ್ನ ಕೈಗೆ ಬಂತು. ಹೆಗಲ ಮೇಲೆ ಮೂರು ತಿಂಗಳ ಮಗಳು. ಅವಳು ಹುಟ್ಟಿದಾಗಿನಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ.

ಮಾರುಕಟ್ಟೆಗೆ ಹೋಗಿ ಗುಂಡಿ ಒತ್ತಿ ಕುಳಿತೆ. ಹಣ್ಣು ಆರಿಸುವ ಕಾಶಿಬಾಯಿ ಮಗುವನ್ನು ಇಸಿದುಕೊಂಡು ತೊಡೆಯ ಮೇಲೆ ಮಲಗಿಸಿಕೊಂಡರು. ಉಸಿರಾಡುತ್ತಿದೆಯೇ ಎಂದು ನಾನು ಮೂರು ಸಲ ಬಗ್ಗಿ ನೋಡಿದೆ.

“ಅಕ್ಕಾರ, ಐದು ಹಡದೇನ್ರಿ. ಸುಮ್ನ ಕುಂದರ್ರಿ!”

ಚೀಲಕ್ಕೆ ಒರಗಿ ಸುಮ್ಮನೆ ಕುಳಿತೆ. ಮತ್ತೆ ಎಚ್ಚರವಾದದ್ದು ಆಕೆ ಭುಜ ಅಲುಗಿಸಿದಾಗಲೇ.

“ಆರ್ಸಿ ಮುಗೀತ್ರಿ, ನಿಮ್ಮ ಗಡಿಯಾರ ನಿಲ್ಲಸ್ರಿ.”

ಐವತ್ತೆರಡು ನಿಮಿಷ! ನಿನ್ನೆ ನಮ್ಮವರು ಅಳೆದಾಗ ಬರೀ ಇಪ್ಪತ್ತು.

“ಇಷ್ಟ್ಯಾಕ ತಡಾ ಆತು?”

“ದಿನಾ ಹಣ್ಣು ಬುಟ್ಟಿಗೆ ಒಗೀತೇವ್ರಿ. ಇವತ್ತ ತಾಯಿ ಮಗಳು ಇಬ್ರೂ ಮಕ್ಕೊಂಡಿದ್ರಿ. ಸಪ್ಪಳ ಆಗಬಾರ್ದಂತ ಒಂದೊಂದ ಇಟ್ಟೇವಿ.”

ಮನೆಗೆ ಬಂದು ಸ್ಟಾಪ್‌ವಾಚ್ ತೋರಿಸಿದರೆ ನಮ್ಮವರು ಕಂಬಳಿ ಕಿತ್ತೆಸೆದು ಎದ್ದು ಕುಳಿತರು.

“ಇದನ್ನ ಗೈಡ್‌ರಿಗೆ ತೋರಿಸಿದ್ರ ನನ್ನ ಪಿಎಚ್‌.ಡಿ. ಕತಿ ಮುಗದಂಗ! ನಾಳೆ ಮತ್ತ ಅಳೀಬೇಕು. ಜ್ವರ ಬಿಟ್ಟೈತಿ, ನಾನ ಹೋಗ್ತೇನಿ.”

ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು.

“ಇನ್ನೂ ಸುಡಾಕತ್ತೈತ್ರಿ, ನೀವು ಮಕ್ಕೋರಿ. ನಾಳೆನೂ ನಾನ ಹೋಗ್ತೇನಿ,” ಎಂದೆ.