ಹೊಟ್ಟೆಚರ್ಮದ ಬಾರು

ನಮ್ಮ ಕಣಿವೆಯ ಪ್ರತಿಯೊಬ್ಬ ಗಂಡಸೂ ಎರಡು ಸಂಗತಿಗಳನ್ನು ಎದೆತಟ್ಟಿ ಹೇಳುತ್ತಾನೆ. ಹಿಮದಲ್ಲಿ ಜಾರುವ ಸ್ಕೀ ಹಲಗೆಯ ಮೇಲೆ ಒಂದು ಮಂಡಿ ಮಡಿಸಿ, ಬಾಗಿ, ತಿರುಗುವ ವಿದ್ಯೆಯನ್ನು ಲೋಕಕ್ಕೆ ಕಲಿಸಿದ್ದು ನಾರ್ವೆಯ ನಮ್ಮ ಟೆಲೆಮಾರ್ಕ್ ಸೀಮೆಯವರು ಎಂಬುದು ಮೊದಲನೆಯದು. ಟೆಲೆಮಾರ್ಕಿನವರಿಗೆ ಕಲಿಸಿದ್ದು ತನ್ನ ಅಜ್ಜ ಎಂಬುದು ಎರಡನೆಯದು. ಅಂಗಡಿ ಇಟ್ಟುಕೊಂಡಿರುವ ನಾನು ಎಲ್ಲರ ಅಜ್ಜಂದಿರಿಗೂ ತಲೆಯಾಡಿಸಲೇಬೇಕು. ಅಜ್ಜನ ಸುದ್ದಿ ಎತ್ತದೆ ಕಾಫಿಪುಡಿ ಕಟ್ಟಿಸಿಕೊಂಡು ಹೋಗುತ್ತಿದ್ದವನು ಬೂಟು ಹೊಲಿಯುವ ಸ್ವೈನುಂಗ್ ಒಬ್ಬನೇ.

ಅವನ ಬೂಟಿಗೆ ಸುತ್ತಲ ನಾಲ್ಕು ಕಣಿವೆಯಲ್ಲಿ ಸಾಟಿ ಇರಲಿಲ್ಲ. ನಮ್ಮ ರೀತಿಯ ಸ್ಕೀಯಲ್ಲಿ ಹಿಮ್ಮಡಿ ಬಿಡುವಾಗಿರಬೇಕು. ಬೆರಳಿನ ಕಡೆ ಮಾತ್ರ ಸ್ಕೀಗೆ ಅಂಟಿಕೊಂಡಿರಬೇಕು. ಹಾಗಾಗಿ ಬೂಟಿನ ಅಟ್ಟೆ ಬಾಗಬೇಕು, ಆದರೆ ತಿರುಚಿಕೊಳ್ಳಬಾರದು. ಇದನ್ನು ಹೇಳುವುದು ಸುಲಭ. ಒಂದೇ ಚರ್ಮಕ್ಕೆ ಎರಡೂ ಬುದ್ಧಿ ಕಲಿಸುವುದು ಸುಲಭವಲ್ಲ. ಸ್ವೈನುಂಗ್ ಅಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಭೂರ್ಜ ಮರದ ಮೊಳೆ ಹೊಡೆದು, ಮುಂದೆ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆ ಮೂತಿ ಬಿಡುತ್ತಿದ್ದ. ಆ ಮೂತಿಯನ್ನು ಹಿಡಿಯಲು ಸ್ಕೀ ಮೇಲೆ ಕಬ್ಬಿಣದ ಎರಡು ಕಿವಿ, ಹಿಮ್ಮಡಿಯನ್ನು ಬಳಸಿ ಬರುವ ಉಕ್ಕಿನ ತಂತಿ. ಇದಕ್ಕೆ ನಾವು ಕಟ್ಟು ಎನ್ನುತ್ತೇವೆ. ಸ್ವೈನುಂಗನ ಕಟ್ಟು ಬಿಡುವುದಿಲ್ಲ ಎಂಬುದು ಅವನ ಹೆಸರಿಗೇ ಅಂಟಿಕೊಂಡಿದ್ದ ಮಾತು.

ಬಿಡಲೂಬಾರದು. ನಮ್ಮಲ್ಲಿ ಬೀಳುವುದು ತಪ್ಪಲ್ಲ, ಎಂಥವನೂ ಬೀಳುತ್ತಾನೆ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿದರೆ ಮಾತ್ರ ಮರ್ಯಾದೆ ಹೋಯಿತು. ಅಂಥವನನ್ನು ಮುಂದಿನ ಚಳಿಗಾಲದವರೆಗೆ ‘ಒಂಟಿಕಾಲ’ ಎಂದು ಕರೆಯುವುದು ರೂಢಿ. ಸ್ಕೀ ಸಂಘದ ಅಧ್ಯಕ್ಷ ಗುನ್ಲೈಕ್ ಈ ರೂಢಿಯನ್ನು ಬೈಬಲ್ಲಿನಷ್ಟೇ ಗಂಭೀರವಾಗಿ ಪಾಲಿಸುತ್ತಿದ್ದ. ಸಂಘದಲ್ಲಿ ಇದ್ದದ್ದು ಒಂದು ಬಾವುಟ, ಒಂದು ಗಡಿಯಾರ ಮತ್ತು ಗುನ್ಲೈಕ್. ಗಡಿಯಾರ ನಿಂತುಹೋಗಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಚಳಿಗಾಲದಲ್ಲಿ ಸ್ವೈನುಂಗನ ತಮ್ಮ ಟಾಲಕ್ ಮತ್ತು ನೆರೆಮನೆಯ ಆಸ್ಮುಂಡ್ ಬೆಟ್ಟದ ಮೇಲಿನ ಹುಲ್ಲುಮನೆಯಿಂದ ಮೇವು ತರಲು ಹೋದರು. ಸ್ಕೊರೆ ಇಳಿಜಾರಿನ ಹಿಮ ಕುಸಿದು ಇಬ್ಬರನ್ನೂ ಎಳೆದುಕೊಂಡಿತು. ಆಸ್ಮುಂಡ್ ಉರುಳಿ ಉರುಳಿ ಮೇಲೆ ಬಂದ. ಟಾಲಕನನ್ನು ಅಗೆದು ತೆಗೆದೆವು. ಎರಡೂ ಸ್ಕೀ ಕಾಲಲ್ಲೇ ಇದ್ದವು. ಕಾಲುಗಳು ಮಾತ್ರ ಕಾಲಿರಬೇಕಾದ ರೀತಿಯಲ್ಲಿ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಕಾಫಿಗೆ ಕುಳಿತಿದ್ದೆವು. ಗುನ್ಲೈಕ್ ಸ್ವೈನುಂಗನ ಭುಜದ ಮೇಲೆ ಕೈಯಿಟ್ಟ. ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ದುಃಖವಾದಾಗ ಅವನು ಭಾಷಣ ಮಾಡುತ್ತಿದ್ದ, ಅಷ್ಟೆ.

“ಸ್ವೈನುಂಗ್, ಒಂದ್ ಮಾತ್ ಹೇಳ್ತೀನಿ, ಸಮಾಧಾನ ಮಾಡ್ಕೊ. ಆ ಪಾಟಿ ಹಿಮ ಬಿದ್ರೂ ನಿನ್ ಕಟ್ಟು ಬಿಟ್ಟಿಲ್ಲ ನೋಡು! ಇಡೀ ನಾರ್ವೇಲಿ ಇಂಥ ಕೆಲಸ ಯಾರ್ ಮಾಡ್ತಾರೆ?”

ಸುತ್ತ ಕುಳಿತವರೆಲ್ಲ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ಸ್ವೈನುಂಗ್ ಬಟ್ಟಲು ಕೆಳಗಿಟ್ಟ. “ಆಸ್ಮುಂಡನ ಕಟ್ಟು ಏನಾಯ್ತು?”

“ಅಯ್ಯೋ ಅದಾ? ಅವರಜ್ಜನ ಕಾಲದ ಬಳ್ಳಿ ಕಟ್ಟು. ಮೊದಲನೇ ಏಟಿಗೇ ಪಟ್ ಅಂತ ಹೋಗಿದೆ. ಅದೇನ್ ಕಟ್ಟೇನೋ!”

“ಆಸ್ಮುಂಡ್ ಇಲ್ಲೇ ಕೂತಿದಾನೆ,” ಎಂದ ಸ್ವೈನುಂಗ್.

ಆಸ್ಮುಂಡ್ ಬಾಯಲ್ಲಿದ್ದ ಕೇಕನ್ನು ಅಗಿಯುವುದನ್ನು ನಿಲ್ಲಿಸಿದ. ನುಂಗುವುದೋ ಬಿಡುವುದೋ ಅವನಿಗೆ ತಿಳಿಯಲಿಲ್ಲ.

ಅಂದಿನಿಂದ ಸ್ವೈನುಂಗನಿಗೆ ಒಂದೇ ಹುಚ್ಚು: ಬಿಡುವ ಕಟ್ಟು. ಬರೀ ಬಿಟ್ಟುಬಿಡುವುದಾದರೆ ಕಷ್ಟವಿರಲಿಲ್ಲ. ಮಂಡಿ ಮಡಿಸಿದಾಗ ಬಿಡಬಾರದು, ನೆಗೆದಾಗ ಬಿಡಬಾರದು, ಕಾಲನ್ನು ತಿರುಚುವಂಥ ಬಲ ಬಿದ್ದಾಗ ಮಾತ್ರ ಬಿಡಬೇಕು. ಕಬ್ಬಿಣದ ಕಿವಿಗಳ ಕೆಳಗೆ ಸ್ಪ್ರಿಂಗ್ ಇಟ್ಟ. ಬೂಟಿನ ಮೂತಿಯನ್ನು ಸವರಿ ಸವರಿ ಬೇರೆ ಬೇರೆ ಆಕಾರ ಕೊಟ್ಟ. ಪ್ರತಿಯೊಂದನ್ನೂ ತಾನೇ ತೊಟ್ಟು ಚರ್ಚಿನ ಹಿಂದಿನ ಇಳಿಜಾರಿನಲ್ಲಿ ಬೇಕೆಂದೇ ಬಿದ್ದ. ಐವತ್ತು ದಾಟಿದ ಮನುಷ್ಯ ಬೇಕೆಂದೇ ಬೀಳುವುದನ್ನು ನೋಡಲು ಜನ ಬೇಲಿ ಹಿಡಿದು ನಿಲ್ಲುತ್ತಿದ್ದರು.

“ಏ ಒಂಟಿಕಾಲ!” ಗುನ್ಲೈಕ್ ಕೂಗುತ್ತಿದ್ದ. “ಕಾಲಿಂದ ಬಿಚ್ಕೊಳ್ಳೋ ಸ್ಕೀ ಆಯ್ತಲ್ಲ, ಇನ್ನು ತಳ ಇಲ್ಲದ ಕಾಫಿ ಪಾತ್ರೆ ಮಾಡು!”

“ಮಾಡ್ತೀನಿ. ನೀನು ಅಧ್ಯಕ್ಷ ಆಗಿರೋ ಊರಲ್ಲಿ ಅದಕ್ಕೂ ಗಿರಾಕಿ ಸಿಗ್ತಾರೆ.”

ಗಿರಾಕಿ ಸಿಗಲಿಲ್ಲ. ಕೊನೆಗೆ ಕಟ್ಟು ಅವನ ಮನಸ್ಸಿಗೆ ಬಂದಂತೆ ಕೆಲಸ ಮಾಡಿದಾಗ ಅದನ್ನು ತೊಡಲು ಇದ್ದದ್ದು ಒಬ್ಬಳೇ, ಅವನ ಮಗಳು ತೋನೆ. ಆಕೆ ಚಳಿಗಾಲದಲ್ಲಿ ಬೆಟ್ಟ ದಾಟಿ ಆಚೆ ಕಣಿವೆಗೆ ಅಂಚೆ ಒಯ್ಯುತ್ತಿದ್ದಳು. ದಾರಿ ಸ್ಕೊರೆ ಇಳಿಜಾರಿನ ಕೆಳಗೇ ಹೋಗುತ್ತಿತ್ತು. ತಮ್ಮ ತೀರಿಹೋದ ಜಾಗದಲ್ಲಿ ವಾರವಾರವೂ ಮಗಳು ಹೋಗಿಬರುವುದು ಸ್ವೈನುಂಗನ ಗಂಟಲಲ್ಲಿ ಮುಳ್ಳಿನಂತೆ ಇತ್ತು. ಅವಳ ಕಾಲಲ್ಲಿ ತನ್ನ ಹೊಸ ಕಟ್ಟು ಇರಬೇಕು. ಅವನಿಗೆ ಬೇರೇನೂ ಬೇಕಿರಲಿಲ್ಲ.

ಇಬ್ಬರೂ ನನ್ನ ಅಂಗಡಿಯಲ್ಲೇ ಜಗಳವಾಡಿದರು.

“ಅಪ್ಪ, ಬೆಟ್ಟದ ಮೇಲೆ ಒಂದು ಸ್ಕೀ ಕಳಕೊಂಡ್ರೆ ಏನಾಗುತ್ತೆ ಗೊತ್ತಾ? ಸೊಂಟದವರೆಗೆ ಹಿಮ. ಹೆಜ್ಜೆ ಎತ್ತೋಕಾಗಲ್ಲ. ಅಲ್ಲೇ ಕೂತು ಮರಗಟ್ಬೇಕು.”

“ಬಿಚ್ಕೊಂಡ್ರೆ ಹಿಡ್ಕೊ.”

“ಇಳಿಜಾರಲ್ಲಿ ಓಡೋ ಸ್ಕೀನ? ನೀನ್ ಬಂದು ಹಿಡ್ಕೊಡ್ತೀಯಾ?” ಅವಳು ನಕ್ಕಳು. “ಒಂದು ಬಾರು ಕಟ್ಕೊಳ್ತೀನಿ ಬಿಡು. ಕಟ್ಟು ಬಿಟ್ರೂ ಸ್ಕೀ ಕಾಲಿಗೆ ನೇತಾಡ್ತಾ ಇರುತ್ತೆ.”

“ಬಾರು ಕಟ್ಟೋದಾದ್ರೆ ನನ್ ಕಟ್ಟು ಯಾಕೆ? ಮೊಳೆ ಹೊಡ್ಕೊಂಡು ಹೋಗು!”

“ಆಯ್ತಪ್ಪ, ಕಟ್ಟಲ್ಲ.”

ಅವನು ಆಚೆ ಹೋದ ಮೇಲೆ ತೋನೆ ಎರಡು ಬಾರು ಕೇಳಿದಳು. ಕುದುರೆಯ ಲಗಾಮಿಗೆ ಹಾಕುವ, ಹಸುವಿನ ಬೆನ್ನಿನ ಚರ್ಮದ ಗಟ್ಟಿ ಬಾರು ಕೊಟ್ಟೆ. ಮನೆ ಕಣ್ಣಿಗೆ ಮರೆಯಾದ ಮೇಲೆ ಕಟ್ಟಿಕೊಳ್ಳುವುದು, ವಾಪಸ್ಸು ಬರುವಾಗ ಅದೇ ತಿರುವಿನಲ್ಲಿ ಬಿಚ್ಚಿ ಚೀಲಕ್ಕೆ ಹಾಕುವುದು ಅವಳ ಅಭ್ಯಾಸವಾಯಿತು. ಊರಿಗೆಲ್ಲ ಗೊತ್ತಿತ್ತು, ಅಪ್ಪನೊಬ್ಬನನ್ನು ಬಿಟ್ಟು.

ಹಿಮ ಎರಡನೆಯ ಬಾರಿ ಕುಸಿದದ್ದು ಹಾಡುಹಗಲಲ್ಲಿ, ಒಳ್ಳೆಯ ಬಿಸಿಲಿದ್ದಾಗ. ಅಂಚೆ ಬಂದಿಲ್ಲವೆಂದು ಆಚೆ ಕಣಿವೆಯಿಂದ ನನ್ನ ಅಂಗಡಿಗೆ ಫೋನ್ ಬಂತು. ಓಡಿದೆವು. ಸ್ಕೊರೆ ಕೆಳಗೆ ಹೊಸ ಹಿಮದ ದಿಬ್ಬ ಬಿದ್ದಿತ್ತು. ಉದ್ದ ಕೋಲುಗಳಿಂದ ಚುಚ್ಚುತ್ತ ಹೋಗುತ್ತಿದ್ದಾಗ ಆಸ್ಮುಂಡ್ ಕೂಗಿದ. ಹಿಮದಿಂದ ಒಂದು ಸ್ಕೀಯ ತುದಿ, ಒಂದು ಗೇಣು, ಹೊರಗೆ ನಿಂತಿತ್ತು.

ಆ ತುದಿಯ ಗುರುತಿನಲ್ಲೇ ಅಗೆದೆವು. ಅವಳು ಮುಖಕ್ಕೆ ಮೊಣಕೈ ಅಡ್ಡ ಹಿಡಿದಿದ್ದಳು. ಅಷ್ಟು ಟೊಳ್ಳಿನಲ್ಲಿ ಉಸಿರು ಉಳಿದಿತ್ತು. ಬಲಗಾಲು ನೆಟ್ಟಗಿತ್ತು. ಆ ದಿನ ಬಲಗಡೆಯ ಬಾರಿನ ಬಕಲ್ ಹೆಪ್ಪುಗಟ್ಟಿ ಕೂರದೆ, ಅದನ್ನು ಕಟ್ಟದೆ ಬಿಟ್ಟಿದ್ದಳಂತೆ. ಕಟ್ಟು ಬಿಟ್ಟಿತ್ತು, ಸ್ಕೀ ಎಲ್ಲಿಗೋ ಹೋಗಿತ್ತು. ಎಡಗಾಲಿನ ಕಟ್ಟೂ ಬಿಟ್ಟಿತ್ತು. ಆದರೆ ಬಾರು ಬಿಟ್ಟಿರಲಿಲ್ಲ. ಹಿಮ ಸ್ಕೀಯನ್ನು ತಿರುಗಿಸಿದಂತೆಲ್ಲ ಬಾರು ಕಾಲನ್ನು ಜೊತೆಗೆ ತಿರುಗಿಸಿತ್ತು. ಸ್ವೈನುಂಗ್ ಹಿಮದಲ್ಲಿ ಕುಳಿತು ಆ ಬಾರನ್ನು ಬಿಚ್ಚಲು ನೋಡಿದ. ಬೆರಳು ಸಾಗಲಿಲ್ಲ. ಚಾಕುವಿನಿಂದ ಕೊಯ್ಯಬೇಕಾಯಿತು.

ಪಟ್ಟಣದ ಆಸ್ಪತ್ರೆಯಲ್ಲಿ ತೊಡೆಯ ಮಧ್ಯದಿಂದ ಕೆಳಗೆ ಕಾಲು ತೆಗೆದರು.

ಊರು ಎರಡು ಪಕ್ಷವಾಯಿತು. ಕಟ್ಟು ಬಿಟ್ಟದ್ದರಿಂದ ಒಂದು ಕಾಲಾದರೂ ಉಳಿಯಿತು ಎಂದು ಕೆಲವರು. ಬಾರು ಇದ್ದದ್ದರಿಂದ ಸ್ಕೀ ಕಂಡಿತು, ಸ್ಕೀ ಕಂಡದ್ದರಿಂದ ಹುಡುಗಿ ಸಿಕ್ಕಿದಳು ಎಂದು ಹೆಚ್ಚಿನವರು. ಎರಡೂ ಪಕ್ಷದವರು ನನ್ನ ಒಲೆಯ ಸುತ್ತ ಕುಳಿತು, ನನ್ನ ಕಾಫಿ ಕುಡಿದು, ಕಣ್ಣಾರೆ ಕಂಡವರಂತೆ ವಾದಿಸಿದರು. ಒಂದು ಬದಲಾವಣೆ ಮಾತ್ರ ಯಾರೂ ಠರಾವು ಮಾಡದೆ ಆಯಿತು. ‘ಒಂಟಿಕಾಲ’ ಎಂಬ ಮಾತು ಊರಿನ ಬಾಯಿಂದ ಬಿದ್ದುಹೋಯಿತು.

ಸ್ವೈನುಂಗನಿಗೆ ಸಂಶಯವಿರಲಿಲ್ಲ. ಮರದ ಅಚ್ಚಿನ ಮೇಲೆ ಚರ್ಮ ಎಳೆಯುತ್ತ ನನಗೆ ಹೇಳಿದ: “ಎರಡೂ ಬಿಟ್ಟಿದ್ರೆ ಅವಳು ಮೇಲೇ ತೇಲ್ತಿದ್ಲು, ಆಸ್ಮುಂಡನ ಹಂಗೆ. ಆ ಸ್ಕೀನೇ ಅವಳನ್ನ ಕೆಳಗೆ ಎಳೆದಿದ್ದು.”

“ಗುರುತೂ ಇಲ್ದೆ ಹೂತು ಹೋಗಿದ್ರೆ?” ಎಂದೆ.

“ತೇಲ್ತಿದ್ಲು,” ಎಂದ. ಚರ್ಮವನ್ನು ಎಷ್ಟು ಎಳೆದನೆಂದರೆ ಇಕ್ಕಳದ ಬಾಯಲ್ಲಿ ಹರಿಯಿತು.

ಹಿಮ ಕರಗಿದ ಮೇಲೆ ತೋನೆ ಮನೆಗೆ ಬಂದಳು. ಗುನ್ಲೈಕ್ ಸಂಘದ ಪರವಾಗಿ ಮಾನಪತ್ರ ಹಿಡಿದು, ಕಪ್ಪು ಕೋಟು ತೊಟ್ಟು ಬಂದ. ನಾನು ಮೇಕೆಹಾಲಿನ ಕಂದು ಚೀಸ್ ತಂದಿದ್ದೆ. ಮಾನಪತ್ರವನ್ನು ಎಲ್ಲಿಡುವುದೆಂದು ಯಾರಿಗೂ ತಿಳಿಯಲಿಲ್ಲ. ಚೀಸಿನ ಕೆಳಗೆ ಇಟ್ಟೆವು. ಅವನ ಭಾಷಣ ಅರ್ಧಕ್ಕೆ ಬಂದಿದ್ದಾಗ ತೋನೆ ಅಪ್ಪನ ಕಡೆ ತಿರುಗಿದಳು.

“ಅಪ್ಪ, ನಿಜ ಹೇಳು. ನಿನ್ ಮಾತ್ ಕೇಳಿದ್ರೆ ಈ ಕಾಲು ಇರ್ತಿತ್ತು, ಅಲ್ವಾ? ನಾನೇ ಕಳಕೊಂಡೆ.”

ಸ್ವೈನುಂಗ್ ಅವಳಿಗಾಗಿ ಕೆತ್ತುತ್ತಿದ್ದ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಅಷ್ಟು ವರ್ಷ ಬಿದ್ದು, ಎದ್ದು, ಬೈಸಿಕೊಂಡು ಅವನು ಹಿಡಿದಿದ್ದ ಸತ್ಯವನ್ನು ಆಡಲು ಇದಕ್ಕಿಂತ ಒಳ್ಳೆಯ ಸಭೆ ಸಿಗುತ್ತಿರಲಿಲ್ಲ. ಎದುರಾಳಿ ಕಪ್ಪು ಕೋಟಿನಲ್ಲಿ ಎದುರಿಗೇ ಕುಳಿತಿದ್ದ.

“ಇಲ್ಲ ಮಗಳೇ,” ಎಂದ. “ಬಾರು ಇಲ್ದಿದ್ರೆ ನೀನೇ ಇರ್ತಿರಲಿಲ್ಲ. ತುದಿ ಕಂಡಿದ್ದಕ್ಕೆ ಸಿಕ್ಕಿದೆ. ನೀನ್ ಕಟ್ಟಿದ್ದೇ ಸರಿ. ನಂದೇ ಹಟ.”

ಗುನ್ಲೈಕ್ ತೊಡೆ ತಟ್ಟಿಕೊಂಡ. “ಕೇಳಿಸ್ಕೊಂಡ್ರಾ? ಅವನ ಬಾಯಲ್ಲೇ ಬಂತು!”

ಸಂಜೆಯೊಳಗೆ ಕಣಿವೆಗೆಲ್ಲ ಕೇಳಿಸಿತು. ಆಮೇಲೆ ನಡೆದದ್ದು ನಮ್ಮ ಊರಿಗೆ ಮಾತ್ರ ಸಾಧ್ಯ. ಸ್ವೈನುಂಗನ ಕಟ್ಟನ್ನು ಮುಟ್ಟದಿದ್ದವರೆಲ್ಲ ಈಗ ಅದು ಬೇಕೆಂದು ಬಂದರು, ಬಾರಿನ ಸಮೇತ. ಬಿಡುವ ಕಟ್ಟೂ ಇರಲಿ, ಬಿಡದ ಬಾರೂ ಇರಲಿ. ಎರಡೂ ಪಕ್ಷಕ್ಕೆ ಸಮಾಧಾನ. ಅವನು ಒಲ್ಲೆ ಎನ್ನುವಂತಿರಲಿಲ್ಲ. ಬಾರು ಹೊಲಿಯುವುದಿಲ್ಲ ಎಂದರೆ, ಅಂದು ಮಗಳಿಗೆ ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಈಗ ಅವನ ಪಕ್ಕದಲ್ಲೇ ಕುಳಿತು ಬೂಟು ಹೊಲಿಯುವುದನ್ನು ಕಲಿಯುತ್ತಿದ್ದಳು.

ಒಂದು ದಿನ ಅಂಗಡಿಗೆ ಬಂದು, “ಬಾರಿಗೆ ಹೊಟ್ಟೆಚರ್ಮ ಕೊಡು,” ಎಂದ.

ಹಸುವಿನ ಹೊಟ್ಟೆಯ ಭಾಗದ ಚರ್ಮ ಮೆತ್ತಗೆ, ಸಡಿಲ. ಬೂಟಿನ ಒಳ ಅಸ್ತರಿಗೆ ಹಾಕುತ್ತಾರೆಯೇ ಹೊರತು ಎಳೆತ ಬೀಳುವ ಕಡೆ ಯಾರೂ ಹಾಕುವುದಿಲ್ಲ.

“ಬಾರಿಗಾ? ತಲೆ ಸರಿ ಇದೆಯಾ ನಿಂಗೆ? ಹಿಗ್ಗುತ್ತೆ, ಹರಿಯುತ್ತೆ.”

“ಮನುಷ್ಯ ಬಿದ್ದಾಗ ಹಿಡೀಬೇಕು. ಬೆಟ್ಟ ಬಿದ್ದಾಗ ಹರೀಬೇಕು.” ಬಾಗಿಲ ಕಡೆ ನೋಡಿ ಸೇರಿಸಿದ: “ಯಾರಿಗೂ ಹೇಳ್ಬೇಡ. ಹೇಳಿದ್ರೆ ಗಟ್ಟಿದು ಕಟ್ಕೊಳ್ತಾರೆ.”

ಬಾರಿನ ಒಳಮೈಯನ್ನು, ಅದನ್ನು ಸ್ಕೀಗೆ ಸಿಕ್ಕಿಸುವ ಉಂಗುರದ ಹತ್ತಿರ, ಚಾಕುವಿನಿಂದ ಇನ್ನಷ್ಟು ಹೆರೆದು, ಮೇಲೆ ಮೇಣ ಉಜ್ಜಿ, ಬೆನ್ನಿನ ಚರ್ಮದಂತೆಯೇ ಹೊಳೆಯಿಸುತ್ತಿದ್ದ. ಆ ಬಲದ ಲೆಕ್ಕ ಎಂದೂ ಸರಿಯಾಗಿ ಕೂರಲಿಲ್ಲ. ಎಷ್ಟೋ ಬಾರು ಸಾಮಾನ್ಯ ಬೀಳುವಿಕೆಗೇ ಹರಿದವು. ಸಂಘದ ವಾರ್ಷಿಕ ಪಂದ್ಯದಲ್ಲಿ ಗುನ್ಲೈಕನದೇ ಹರಿಯಿತು. ಅವನು ಪೊದೆಯಲ್ಲಿ ಬಿದ್ದಿದ್ದ. ಅವನ ಎಡ ಸ್ಕೀ ಒಂದೇ ನೆಟ್ಟಗೆ ಇಳಿದು ಎಲ್ಲರಿಗಿಂತ ಮೊದಲು ಗುರಿಗೆರೆ ದಾಟಿತು. “ಅಧ್ಯಕ್ಷರು ಬಂದ್ರು, ಉಳಿದ ಭಾಗ ಹಿಂದೆ ಬರ್ತಿದೆ!” ಎಂದು ಯಾರೋ ಕೂಗಿದರು.

ಮರುದಿನ ನಾನು ಚರ್ಮದ ಸುರುಳಿ ಇಳಿಸಲು ಸ್ವೈನುಂಗನ ಮನೆಗೆ ಹೋದಾಗ ಗುನ್ಲೈಕ್ ಅಲ್ಲಿದ್ದ, ಹರಿದ ಬಾರನ್ನು ಮೇಜಿನ ಮೇಲೆ ಬಡಿಯುತ್ತ.

“ನಿನ್ ಕೈ ಹೋಯ್ತು ಮುದುಕ! ಒಂದ್ ಬಾರು ನೆಟ್ಟಗೆ ಹೊಲಿಯೋಕಾಗಲ್ವಾ? ಊರೆಲ್ಲಾ ಇದೇ ಮಾತು.”

“ವಯಸ್ಸಾಯ್ತು ಗುನ್ಲೈಕ್. ಕಣ್ಣು ಸರಿಯಾಗಿ ಕಾಣಲ್ಲ. ಹೊಸದು ಹಾಕ್ಕೊಡ್ತೀನಿ.”

ಸುತ್ತ ನಾಲ್ಕು ಕಣಿವೆಗೆ ಹೆಸರಾಗಿದ್ದ ಕೈಯನ್ನು ಅವನು ಹಾಗೆ ಒಂದೇ ಉಸಿರಿಗೆ ಬಿಟ್ಟುಕೊಟ್ಟ. ಗುನ್ಲೈಕನಿಗೆ ಕನಿಕರವಾಯಿತು, ಬೈಯುವುದನ್ನು ನಿಲ್ಲಿಸಿ, ಮುದಿತನದ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ ಹೊರಟುಹೋದ.

ತೋನೆ ಮೇಜಿನ ಮೇಲಿದ್ದ ಹರಿದ ಬಾರನ್ನು ಎತ್ತಿಕೊಂಡಳು. ಹರಿದ ಅಂಚನ್ನು ಬೆಳಕಿಗೆ ಹಿಡಿದಳು. ಹೆರೆದಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಬಲವಾಗಿ ಜಗ್ಗಿದಳು, ಉಳಿದದ್ದೂ ಹರಿಯಿತು. ಅಪ್ಪನನ್ನು ನೋಡಿದಳು. ಅವನು ಕೈಯಲ್ಲಿದ್ದ ಬೂಟಿನ ಅಟ್ಟೆಯನ್ನು ಬಾಗಿಸಿ ಬಾಗಿಸಿ ನೋಡುತ್ತ, ತಲೆ ಎತ್ತಲಿಲ್ಲ.

ನಾನು ತಂದಿದ್ದ ಚರ್ಮದ ಸುರುಳಿಯನ್ನು ತೋನೆ ಮೇಜಿನ ಮೇಲೆ ಬಿಡಿಸಿದಳು. ಬೆನ್ನಿನ ಭಾಗವನ್ನು ಮಡಚಿ ಬದಿಗಿಟ್ಟಳು. ಹೊಟ್ಟೆಯ ಕಡೆಯ ಅಂಚಿಗೆ ಅಳತೆಪಟ್ಟಿ ಇಟ್ಟು, ಗುನ್ಲೈಕನ ಹೊಸ ಬಾರನ್ನು ಕತ್ತರಿಸತೊಡಗಿದಳು.