ನಾಜಿಮಾಳ ನಿದ್ದೆ ಕೆಡಿಸಿದವರು

ಸಿಂದಗಿಯ ನಮ್ಮ ಓಣಿಯಲ್ಲಿ ‘ಆಶಾ ಕಾರ್ಯಕರ್ತೆ ನಾಜಿಮಾ ಎಲ್ಲಿ?’ ಎಂದು ಕೇಳಿ ನೋಡಿ. ‘ಯಾರು, ನಿದ್ದಿ ಇಲ್ಲದಾಕಿನಾ?’ ಎಂದು ನಗುತ್ತಾರೆ. ಆ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ನನ್ನ ಅಕ್ಕ. ನಾನು ಸಿಕಂದರ, ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿ ಇಟ್ಟವನು.

ನಮ್ಮ ಅಮ್ಮ ಲಾಲಬಿಗೂ ನಿದ್ದೆ ಕಡಿಮೆ. ಅವಳ ತಾಯಿಗೂ ಹಾಗೇ ಇತ್ತಂತೆ. ಅದಕ್ಕೇ ಅಕ್ಕನ ಕಣ್ಣಿಗೆ ನಿದ್ದೆ ಹತ್ತದಂತಾದಾಗ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ‘ರಕ್ತದಾಗ ಐತಿ’ ಎಂದು ಕೈ ತೊಳೆದುಕೊಂಡೆವು. ಎಷ್ಟು ಸಲೀಸಾದ ಮಾತು!

ಅಪ್ಪ ತೀರಿಕೊಂಡಾಗ ಅಕ್ಕನಿಗೆ ಇಪ್ಪತ್ತೆರಡು. ಬಟ್ಟೆ ಹೊಲಿದು ನನ್ನನ್ನು ಓದಿಸಿದಳು. ಮದುವೆಯಾದ ಗಂಡ ನಾಲ್ಕು ವರ್ಷಕ್ಕೇ ಬಿಟ್ಟು ಹೋದ. ಅಮ್ಮನಿಗೆ ಲಕ್ವ ಹೊಡೆದು ಒಂಬತ್ತು ವರ್ಷವಾಯಿತು. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ಅಕ್ಕನೇ. ಅದರ ಮೇಲೆ ಆಶಾ ಕೆಲಸ. ಸರ್ವೆ ಬರೆ, ಫೋಟೊ ಕಳಿಸು, ಬಸುರಿಯರನ್ನು ದವಾಖಾನೆಗೆ ಮುಟ್ಟಿಸು. ಮೇಲ್ವಿಚಾರಕಿ ಸುಮಿತ್ರಾಬಾಯಿಯಂತೂ ರಾತ್ರಿಯ ಹೆರಿಗೆಗಳನ್ನೆಲ್ಲ ಅವಳಿಗೇ ಹಚ್ಚಿದಳು. ‘ಹೆಂಗಿದ್ರೂ ಎದ್ದ ಇರ್ತಿಯಲ್ಲವಾ’ ಎಂಬುದು ಅವಳ ನ್ಯಾಯ. ಮನುಷ್ಯರಿಗೆ ನಾಚಿಕೆ ಎಂಬುದು ಬೇಡವೇ? ಕುಂಟುವವಳ ತಲೆಯ ಮೇಲೆ ಮೂಟೆ ಹೊರಿಸಿ, ಹುಟ್ಟಿನಿಂದಲೇ ಕುಂಟಿ ಎಂದು ಸಮಾಧಾನ ಮಾಡಿಕೊಂಡಂತಾಯಿತು.

ಕಳೆದ ತಿಂಗಳು ಲಸಿಕೆಯ ಡಬ್ಬಿ ಹಿಡಿದು ನಡೆಯುತ್ತಿದ್ದವಳು ಹಾಡುಹಗಲೇ ರಸ್ತೆಯಲ್ಲಿ ಬಿದ್ದಳು. ಹಣೆಗೆ ಆರು ಹೊಲಿಗೆ. ‘ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಕುತ್ತು’ ಎಂದು ಹೊಲಿಗೆ ಹಾಕಿದವರು ಎಚ್ಚರಿಸಿದರು. ಇಂಡಿ ಪಟ್ಟಣದಿಂದ ವಾರಕ್ಕೊಮ್ಮೆ ಬರುವ ಡಾಕ್ಟರ್ ಭಾಗ್ಯಜ್ಯೋತಿಯವರ ಬಳಿ ನಾನೇ ಕರೆದೊಯ್ದೆ. ದೊಡ್ಡ ಉಪಕಾರ ಮಾಡಿದವನಂತೆ ಕುರ್ಚಿ ಎಳೆದು ಕೂತು, ‘ಇದು ನಮ್ಮ ಮನಿತನದ ರೋಗರಿ, ರಕ್ತದಾಗ ಐತಿ’ ಎಂದೆ.

‘ನಿಮಗ ನಿದ್ದಿ ಹೆಂಗ ಬರ್ತೈತ್ರಿ?’ ಎಂದರು ಡಾಕ್ಟರ್.

‘ನನಗೇನ್ರಿ, ತಲಿ ಇಟ್ಟಕೂಡ್ಲೆ ಬರ್ತೈತಿ.’

‘ಮತ್ತ ನೀವೂ ಅದ ತಾಯಿ ಮಗ ಅಲ್ರಿ?’

ನಿದ್ದೆಗೆಡುವ ಗುಣ ಹುಟ್ಟಿನಿಂದ ಬರುವುದುಂಟು, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂದು ಅವರು ಬಿಡಿಸಿ ಹೇಳಿದರು. ಆದರೆ ಅಂಥವರ ಮೇಲೆ ವರ್ಷಗಟ್ಟಲೆ ಚಿಂತೆ, ದುಡಿತ ಹೇರಿದರೆ ಮೈ ಎಚ್ಚರವಿರುವುದನ್ನೇ ರೂಢಿ ಮಾಡಿಕೊಳ್ಳುತ್ತದಂತೆ. ‘ರಕ್ತ ಬದಲಿ ಮಾಡಾಕ ನನಗ ಬರೂದಿಲ್ರಿ. ಭಾರ ಇಳಸಾಕ ನಿಮಗ ಬರ್ತೈತಿ’ ಎಂದರು.

ಅಕ್ಕ ನನ್ನ ಕಡೆ ತಿರುಗಿದಳು.

‘ಎರಡ ತಿಂಗಳ ಅಮ್ಮನ್ನ ಕರಕೊಂಡ ಹೋಗ್ತಿಯೇನೋ ಸಿಕಂದರ?’

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

‘ನೋಡೂಣಂತ ಆಪಾ, ಮನ್ಯಾಗ ಒಂದ ಮಾತ ಕೇಳಬೇಕು’ ಎಂದೆ. ಥೂ, ನನ್ನ ನಾಲಿಗೆಗೆ ಬೆಂಕಿ ಬೀಳಲಿ!

ಡಾಕ್ಟರ್ ಚೀಟಿ ಬರೆಯತೊಡಗಿದ್ದರು. ಅಕ್ಕ ಅದರ ಮೇಲೆ ಅಂಗೈ ಊರಿದಳು.

‘ನನಗ ನಿದ್ದಿ ಗುಳಿಗಿ ಬ್ಯಾಡ್ರಿ ಡಾಕ್ಟರ್ರ. ಇವನ್ನ ಎಬ್ಬಸೂ ಗುಳಿಗಿ ಇದ್ರ ಬರದ ಕೊಡ್ರಿ.’